ಕಾಲು ನೆಲಕ್ಕೆ ತಾಗುವ ಸೈಕಲ್ಲು

ಆವತ್ತು ನಳ ಬರುವ ದಿನ. ಗೋಕಾಕದ ನಮ್ಮ ಓಣಿಯಲ್ಲಿ ಅಂಥ ಬೆಳಿಗ್ಗೆ ಯಾರೂ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ನಾನೂ ಅಷ್ಟೇ. ಅಂಗಳಕ್ಕೆ ನೀರು ಹೊಡೆದೆ, ಹಾಲು ಕಾಯಿಸಿದೆ, ಇವರ ಡಬ್ಬಿಗೆ ರೊಟ್ಟಿ ಬಡಿದೆ, ನಳದ ಕೆಳಗೆ ಕೊಡ ಇಟ್ಟೆ. ಕೊಡ ತುಂಬುವಷ್ಟರಲ್ಲಿ ಎರಡೂವರೆ ವರ್ಷದ ಮಗಳು ವೇದಾಳನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಹೊಲಿಗೆ ಟೇಪು ಹಿಡಿದು ಅವಳ ಕಾಲು ಅಳೆಯತೊಡಗಿದೆ.

(ಈ ವಯಸ್ಸಿನವರ ಕಾಲು ಅಳೆಯುವುದೆಂದರೆ ಮೀನಿನ ಉದ್ದ ಅಳೆದ ಹಾಗೆ. ಮೀನು ಇನ್ನೂ ನೀರಲ್ಲಿರುವಾಗ.)

"ಏನ್ ಅಳ್ಯಾಕತ್ತಿ? ಚಡ್ಡಿ ಹೊಲಸ್ತೀಯೇನು?" ಮೆಂತ್ಯೆ ಸೋಸುತ್ತಿದ್ದ ಅತ್ತೆ ಕೇಳಿದರು.

"ಸೈಕಲ್ ತರಾಕ್ರಿ ಅತ್ತೀ."

"ಸೈಕಲ್ಲಿಗೆ ಕಾಲಿನ ಅಳತಿ ಯಾಕ ಬೇಕವಾ? ದೊಡ್ಡದ ನೋಡಿ ತಂದ್ರಾತು. ಬೆಳಿಯೂ ಕೂಸು."

ಬೆಳೆಯುವ ಕೂಸು! ನಮ್ಮ ಕಡೆ ಮಕ್ಕಳಿಗೆ ಏನೇ ತರಲಿ, ಈ ಒಂದು ಮಾತಿನ ಮೇಲೆ ತರುತ್ತಾರೆ. ವೇದಾಳ ಫ್ರಾಕು ಪಾದದವರೆಗೆ. ತೋಳು ಎರಡು ಮಡಿಕೆ. ಚಪ್ಪಲಿಯ ಹಿಂದೆ ನನ್ನ ಎರಡು ಬೆರಳು ಹೋಗುತ್ತವೆ. ಯಾರನ್ನೇ ಕೇಳಿ, "ಇರ್ಲಿ ಬಿಡ್ರಿ, ಎರಡ ವರ್ಷ ಬರ್ತೈತಿ" ಅನ್ನುತ್ತಾರೆ.

ಇವರು ಮೂಡಲಗಿಯಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಾರೆ. ಸ್ಕೂಟರಿಗೆ ಕಿಕ್ ಹೊಡೆಯುತ್ತ, "ಅತ್ತಿ ಸೊಸಿ ಕೂಡಿ ಯಾವುದಾರ ತಗೊಳ್ರಿ. ಅಂಗಡ್ಯಾಗ ಜಗಳ ಮಾತ್ರ ಬ್ಯಾಡ" ಅಂದರು. ಸ್ಕೂಟರಿನ ಸದ್ದಿಗೆ ವೇದಾ ಓಡಿಹೋಗಿ ಬಾಗಿಲ ಹಿಂದೆ ನಿಂತಳು.

ಆ ಓಟವೇ ನನ್ನ ಚಿಂತೆ. ಅದಕ್ಕೇ ಟೇಪು ಹಿಡಿದದ್ದು.

ದೀಪಾವಳಿಗೆ ಹುಕ್ಕೇರಿಗೆ, ನಾದಿನಿಯ ಮನೆಗೆ ಹೋಗಿದ್ದೆವು. ಅವಳ ಮಗ ಒಂದನೇ ಇಯತ್ತೆ. ಸೈಕಲ್ಲು ಮಾತ್ರ ಐದನೇ ಇಯತ್ತೆಯವರದು. ಎಲ್ಲರೂ ಚಪ್ಪಾಳೆ ತಟ್ಟುತ್ತ ನಮ್ಮ ವೇದಾಳನ್ನು ಅದರ ಮೇಲೆ ಎತ್ತಿ ಕೂರಿಸಿದರು. ಕಾಲು ಎರಡೂ ಗಾಳಿಯಲ್ಲಿ. ಯಾರೋ ಫೋಟೋ ತೆಗೆಯಲು ಕೈ ಬಿಟ್ಟರು. ಬಿದ್ದಳು. ದೊಡ್ಡ ಪೆಟ್ಟೇನೂ ಆಗಲಿಲ್ಲ, ಮೊಣಕಾಲು ತರಚಿತ್ತು ಅಷ್ಟೆ. (ಆ ಸೈಕಲ್ಲಿನ ಮೇಲೆ ಈಗ ನಾದಿನಿ ಟವೆಲ್ ಒಣಗಿಸುತ್ತಾಳೆ.)

ಗಾಯ ಮಾಯ್ತು, ಹೆದರಿಕೆ ಮಾಯಲಿಲ್ಲ. ಅವತ್ತಿನಿಂದ ಕಾಲು ನೆಲ ಬಿಟ್ಟರೆ ಸಾಕು, "ಕೆಳಗ, ಕೆಳಗ" ಅಂತ ಚೀರುತ್ತಾಳೆ. ಸ್ಕೂಟರ್ ಬೇಡ. ಆಟೋ ಬೇಡ. ಜೋಕಾಲಿ ಬೇಡ. ಅಜ್ಜಿಯ ಕಂಕುಳು ಒಂದೇ ಗತಿ. ಜೂನಿನಲ್ಲಿ ಅವಳನ್ನು ಬಾಲವಾಡಿಗೆ ಹಾಕಬೇಕು, ಮಕ್ಕಳನ್ನು ಒಯ್ಯುವುದು ಆಟೋ. ಅಜ್ಜಿಯನ್ನು ದಿನಾ ಯಾರು ಒಯ್ಯುತ್ತಾರೆ?

ನಾನು ತರಬೇಕೆಂದಿದ್ದು ಪೆಡಲ್ ಇಲ್ಲದ ಸೈಕಲ್ಲು, ಅಂದರೆ ಬ್ಯಾಲೆನ್ಸ್ ಬೈಕು. ಅದನ್ನು ಮೊದಲು ಕಂಡದ್ದು ಅರಭಾವಿಯಲ್ಲಿ. ತೋಟಗಾರಿಕೆ ಕಾಲೇಜಿನ ಕಡೆ ಕರಿಬೇವಿನ ಸಸಿ ತರಲು ಹೋಗಿದ್ದೆ. ಅಲ್ಲಿ ಕ್ವಾರ್ಟರ್ಸಿನ ಒಂದು ಕೂಸು ಕೂತಲ್ಲಿಂದಲೇ ಎರಡೂ ಕಾಲಿನಿಂದ ನೆಲ ಒದೆಯುತ್ತ, ಬಾತುಕೋಳಿಯ ಹಾಗೆ, ನನ್ನ ಪಕ್ಕದಿಂದ ಹೋಯಿತು. ಯಾರೂ ಹಿಡಿದುಕೊಂಡಿರಲಿಲ್ಲ. ಅದರ ಅಮ್ಮ ಹೇಳಿದ್ದು ಒಂದೇ ಮಾತು: ಸೀಟಿನ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಕೂರಬೇಕು, ಬರೀ ಬೆರಳ ತುದಿ ತಾಗಿದರೆ ಸಾಲದು.

ಹತ್ತೂವರೆಗೆ ಪೇಟೆಗೆ ಹೊರಟೆವು. ನಡೆದುಕೊಂಡೇ. ವೇದಾ ಅಜ್ಜಿಯ ಕಂಕುಳಲ್ಲಿ.

ಸೈಕಲ್ ಅಂಗಡಿಯವರು ಮೊದಲೇ ಕೈ ಮುಗಿದರು. "ಅಕ್ಕಾರ, ಇದಕ್ಕ ಪೆಡಲ್ ಇರಂಗಿಲ್ಲ ನೋಡ್ರಿ. ಮನಿಗಿ ಹೋಗಿ, ಪೆಡಲ್ ಕೊಟ್ಟಿಲ್ಲಂತ ಜಗಳಕ್ಕ ಬರಬ್ಯಾಡ್ರಿ. ಮೊನ್ನಿ ಒಬ್ರು ಬಂದಿದ್ರು."

ಎರಡು ಇದ್ದವು. ಒಂದು ಸಣ್ಣದು, ಹಳದಿ. ಇನ್ನೊಂದು ದೊಡ್ಡದು, ಕೆಂಪು. ಹಿಡಿಕೆಗೆ ಜರಿ, ಮುಂದೆ ಬುಟ್ಟಿ, ದೊಡ್ಡವಳಾದ ಮೇಲೆ ಬೇಕಾದರೆ ಪೆಡಲ್ ಹಾಕಿಸಬಹುದಂತೆ. ಅತ್ತೆಯ ಕಣ್ಣು ಎಲ್ಲಿ ಹೋಯಿತೆಂದು ಹೇಳಬೇಕೇ? ಮೊಮ್ಮಗಳಿಗೆ ಸೈಕಲ್ಲು ಕೊಡಿಸುವವರು ಅವರೇ. ಕೊಡಿಸುವವರು ಹೇಳಿದ್ದೇ ಸೈಜು, ಇದೂ ನಮ್ಮ ಕಡೆಯ ಪದ್ಧತಿ.

ನಾನು ಎರಡನ್ನೂ ಒಂದೊಂದು ಕೈಲಿ ಎತ್ತಿ ನೋಡಿದೆ. (ಅರ್ಧ ದಾರಿಗೆ ಕೂಸು "ಎತ್ಗೋ" ಅಂದರೆ ಸೈಕಲ್ಲು ಹೊರುವವರು ಯಾರು?) ಸಣ್ಣದು ಹಗುರ. ಟೈರು ರಬ್ಬರಿನದು, ನಮ್ಮ ಓಣಿಯ ಕಡಿಗಲ್ಲಿಗೆ ಅದೇ ಸರಿ ಅನ್ನಿಸಿತು. ಸೀಟನ್ನು ತೀರಾ ಕೆಳಗಿಳಿಸಿದರೆ ಬೆಳಗಿನ ಟೇಪಿನ ಅಳತೆಗಿಂತ ಒಂದು ಬೆರಳು ಕಮ್ಮಿ. ದೊಡ್ಡದರ ಸೀಟು ಎಷ್ಟು ಇಳಿಸಿದರೂ ಆ ಅಳತೆಗಿಂತ ಮೇಲೆಯೇ ನಿಂತಿತು.

"ಟೇಪ್ ತಗೊಂಡ ಬಂದೀಯಾ!" ಅತ್ತೆ ನಕ್ಕರು. "ಕನ್ಯಾ ನೋಡಾಕ ಬಂದವರೂ ಇಷ್ಟ ನೋಡೂದಿಲ್ಲ."

ಮೊದಲು ಕೆಂಪು. ಅತ್ತೆಯೇ ಎತ್ತಿ ಕೂರಿಸಿದರು. ವೇದಾಳ ಕಾಲ್ಬೆರಳು ಮುದುಡಿಕೊಂಡವು. ಅಜ್ಜಿಯ ಸೆರಗನ್ನು ಎರಡೂ ಕೈಲಿ ಹಿಡಿದಳು. "ಕೆಳಗ!"

ಆಮೇಲೆ ಹಳದಿ. ಎತ್ತುವ ಕೆಲಸವೇ ಇರಲಿಲ್ಲ, ಕಾಲು ಆಚೆ ಹಾಕಿ ಅವಳೇ ಕೂತಳು. ಅಳಲಿಲ್ಲ. ಆದರೆ ಹಂದಾಡಲೂ ಇಲ್ಲ. ಕಾಲು ಒತ್ತಿದಳು; ಚಪ್ಪಲಿ ಅಲ್ಲೇ ಉಳಿದು ಪಾದವಷ್ಟೇ ಹಿಂದೆ ಜಾರಿತು. ತಲೆ ಬಗ್ಗಿಸಿ ಚಪ್ಪಲಿಯನ್ನೇ ನೋಡುತ್ತ ಕೂತಳು.

"ನೋಡಿದ್ಯಾ? ಸಣ್ಣದೂ ಹೋಗವಲ್ದು," ಅತ್ತೆ ಅಂದರು. "ಕೂಸಿಗಿ ಅಂಜಿಕಿ ಐತಿ. ಅಂಜಿಕಿ ಹೋದ ಮ್ಯಾಲ ಹೊಡೀತಾಳ. ದೊಡ್ಡದ ತಗೊಂಡ ಬಿಡು, ಬಾಳ ದಿನ ಬರ್ತೈತಿ."

ಮಾತು ಸರಿ ಅನ್ನಿಸುವ ಹಾಗೇ ಇತ್ತು. ಆದರೆ ಆ ಚಪ್ಪಲಿ ನನಗೆ ಎಲ್ಲೋ ಕಂಡ ಹಾಗೆ ಅನ್ನಿಸಿತು.

ಎಲ್ಲಿ ಅಂತೀರಾ? ನಾನು ಕಲಿತ ಕಾನ್ವೆಂಟಿನ ಪ್ರೇಯರ್ ಹಾಲಿನಲ್ಲಿ. ನನ್ನ ಕರಿ ಬೂಟುಗಳನ್ನು ಅಪ್ಪ ಎರಡು ವರ್ಷದ ಲೆಕ್ಕದಲ್ಲಿ ತರುತ್ತಿದ್ದರು. ತುದಿಯಲ್ಲಿ ಹತ್ತಿ ತುರುಕಿರುತ್ತಿತ್ತು. ನಾವೆಲ್ಲ ಸಾಲಾಗಿ ಬೂಟು ಎಳೆಯುತ್ತ ಬರುವ ಸದ್ದಿಗೆ ಸಿಸ್ಟರ್ ದಿನಾ "ಲಿಫ್ಟ್ ಯುವರ್ ಫೀಟ್, ಗರ್ಲ್ಸ್" ಅನ್ನುತ್ತಿದ್ದರು. ಕಾಲು ಎತ್ತಿದರೆ ಬೂಟು ಅಲ್ಲೇ ಉಳಿಯುತ್ತದೆ ಅಂತ ಯಾರು ಹೇಳಬೇಕು? ಮೊದಲ ವರ್ಷ ದೊಡ್ಡದು, ಎರಡನೇ ವರ್ಷ ಬಿಗಿ. ನಡುವೆ ಒಂದು ಮಳೆಗಾಲ ಮಾತ್ರ ಆ ಬೂಟು ನಿಜವಾಗಿ ನನ್ನದಾಗಿರುತ್ತಿತ್ತು.

ನಾನು ಬಗ್ಗಿ ವೇದಾಳ ಚಪ್ಪಲಿ ಎರಡನ್ನೂ ತೆಗೆದುಬಿಟ್ಟೆ.

ಬರಿಗಾಲು ಫರಸಿಕಲ್ಲಿನ ನೆಲಕ್ಕೆ ತಾಗಿತು. ತಣ್ಣಗಿತ್ತೇನೋ, ಬೆರಳು ಅಗಲಿಸಿದಳು. ಒಂದು ಸಲ ಒತ್ತಿದಳು. ಸೈಕಲ್ಲು ಅಷ್ಟು ದೂರ ಸರಿಯಿತು. ಹೆದರಿ ನಿಂತಳು. ಕಾಲು ನೆಲದ ಮೇಲೇ ಇತ್ತು. ಅದನ್ನು ನೋಡಿಕೊಂಡು ಇನ್ನೊಂದು ಸಲ ಒತ್ತಿದಳು. ಈಗ ಫ್ರಾಕಿನ ಇಳಿಬಿದ್ದ ಘೇರು ಚಕ್ರಕ್ಕೆ ಸಿಕ್ಕಿಕೊಳ್ಳತೊಡಗಿತು.

ನಾನು ಕೈ ಹಾಕುವ ಮೊದಲೇ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಕಬ್ಬಿನ ಹೊಲಕ್ಕೆ ಇಳಿಯುವ ಮೊದಲು ತಮ್ಮ ಸೀರೆಯನ್ನು ಹೇಗೆ ಕಟ್ಟುತ್ತಿದ್ದರೋ ಹಾಗೆ, ಫ್ರಾಕಿನ ಮುಂದಿನ ಘೇರನ್ನು ಕಾಲ ನಡುವೆ ಹಿಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿ ಕಚ್ಚೆ ಹಾಕಿದರು.

"ಹಾಂ, ಈಗ ಹೋಗ ನನ್ನವ್ವಾ."

ಹೋದಳು. ಟ್ಯೂಬುಗಳ ರಾಶಿಯವರೆಗೆ ಹೋದಳು, ಅಲ್ಲಿ ನಿಂತು ನಮ್ಮ ಕಡೆ ತಿರುಗಿ ನಕ್ಕಳು. ಹುಕ್ಕೇರಿಯ ನಂತರ ಚಕ್ರವಿದ್ದ ಯಾವುದರ ಮೇಲೂ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅತ್ತೆ ಕೆಂಪು ಸೈಕಲ್ಲಿನ ಬುಟ್ಟಿಯನ್ನು ಒಮ್ಮೆ ಸವರಿದರು. ಆಮೇಲೆ ಅಂಗಡಿಯವರಿಗೆ, "ಈ ಹಳದಿದು ಮುಂದಿನ ವರ್ಷ ಸಣ್ಣದಾದ್ರ ಹೊಳ್ಳಿ ತಗೋತೀಯೇನಪಾ?" ಅಂದರು.

"ಅಮ್ಮಾರ, ನಿಮ್ಮ ಮೊಮ್ಮಗಳು ಬೆಳದ್ರ ಅದು ನಂದ ತಪ್ಪೇನ್ರಿ?"

ಹಳದಿಯೇ ಬಂತು. ಅತ್ತೆ ಒಪ್ಪಿದರು ಅಂತ ತಿಳಿಯಬೇಡಿ. ದಾರಿಯುದ್ದಕ್ಕೂ "ಒಂದ ವರ್ಷದ ಸಾಮಾನು" ಅನ್ನುತ್ತಲೇ ಬಂದರು. ಅವರ ಮಾತಿನಲ್ಲಿ ಸುಳ್ಳೇನಿಲ್ಲ. ಬೆಳೆಯುವ ಕೂಸೇ. ಆದರೆ ಮುಂದಿನ ವರ್ಷದ ಕೂಸಿಗೆ ಎಲ್ಲವನ್ನೂ ತರುತ್ತ ಹೋದರೆ, ಈ ವರ್ಷದ ಕೂಸು ಏನು ಹಾಕಿಕೊಂಡು ಓಡಬೇಕು?

ಸೈಕಲ್ಲು ನನ್ನ ಕೈಲಿ, ಕೂಸು ಅಜ್ಜಿಯ ಕಂಕುಳಲ್ಲಿ. ಬಾಳೆಹಣ್ಣಿನ ಗಾಡಿಯವರು ಕೂಗಿದರು, "ಅಕ್ಕಾರ, ಪೆಡಲ್ ಎಲ್ಲೋ ಬಿದ್ದಾವ್ ನೋಡ್ರಿ!" ಹಿಂದಿನಿಂದ ಬರುತ್ತಿದ್ದ ಹಿರಿಯರೊಬ್ಬರು ನಿಂತು, ನಮ್ಮ ಸಲುವಾಗಿ ರಸ್ತೆಯ ಬದಿಯಲ್ಲಿ ಹುಡುಕಿಯೂ ಬಿಟ್ಟರು. ನಮ್ಮ ಊರಿನ ಜನ ಅಷ್ಟು ಒಳ್ಳೆಯವರು.

ಸಂಜೆ ಇವರು ಮೂಡಲಗಿಯಿಂದ ಬಂದಾಗ ವೇದಾ ಓಣಿಯಲ್ಲಿದ್ದಳು. ಬರಿಗಾಲು, ಫ್ರಾಕಿಗೆ ಮತ್ತೆ ಅಜ್ಜಿಯದೇ ಕಚ್ಚೆ, ಕಾಲು ಮೊಣಕಾಲಿನವರೆಗೆ ಹೊರಗೆ. ಸ್ಕೂಟರಿನ ಸದ್ದು ಕೇಳಿತು. ಅವಳು ಓಡಿಹೋಗಲಿಲ್ಲ. ಎರಡೂ ಪಾದ ನೆಲಕ್ಕೊತ್ತಿ ನಿಂತು, ಸ್ಕೂಟರಿಗೆ ದಾರಿ ಬಿಟ್ಟು, ಅದರ ಹಿಂದೆಯೇ ದಬದಬ ಒದೆಯುತ್ತ ಬಂದಳು. ಆಟೋ ಹತ್ತುತ್ತಾಳೋ ಇಲ್ಲವೋ, ಜೂನಿಗೆ ಗೊತ್ತಾಗುತ್ತದೆ. ಇವತ್ತಿಗೆ ನನಗೆ ಇಷ್ಟು ಸಾಕು.

ಅಷ್ಟರಲ್ಲಿ ಎದುರು ಮನೆಯ ಶಾಂತಾ ಕಾಕು ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದರು. ಕೂಸನ್ನು ನೋಡುತ್ತ ಒಂದು ಗಳಿಗೆ ನಿಂತರು. ಪೆಡಲ್ ಎಲ್ಲಿ ಅಂತ ಕೇಳುತ್ತಾರೆ ಅಂದುಕೊಂಡು ನಾನು ಉತ್ತರ ತಯಾರು ಮಾಡಿಕೊಂಡೆ. ಅವರು ಅದನ್ನು ಕೇಳಲೇ ಇಲ್ಲ. ಬಟ್ಟಲನ್ನು ನನ್ನ ಕೈಗಿಡುತ್ತ, ಅತ್ತೆಯ ಕಡೆ ತಿರುಗಿ ಅಂದರು:

"ಅಯ್ಯ, ನಿಮ್ಮ ಮೊಮ್ಮಗಳ ಕಾಲು ಇಷ್ಟ ಉದ್ದ ಅದಾವೇನ್ರಿ? ಇಷ್ಟ ದಿನ ಎಲ್ಲಿ ಇಟ್ಟಿದ್ರಿ?"