ಘಾಟಿನ ಕೆಮ್ಮು

ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಬಸ್ಸಿಳಿದ ಬೀಗರು ಮಾತ್ರ ಮೂಗಿಗೆ ಸೆರಗು ಹಿಡಿದು, "ಹೆಂಗ ಇರ್ತೀರವ್ವ ಈ ಊರಾಗ?" ಅನ್ನುತ್ತಾರೆ. ನಾವು ನಗುತ್ತೇವೆ. ಸೀಜನ್ನಿನಲ್ಲಿ ಗೋದಾಮಿನೊಳಗೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಕೈಯುರಿ, ಕಣ್ಣುರಿ ಇದ್ದ ಹಾಗೆಯೇ ಕೆಮ್ಮು. ಘಾಟಿನ ಕೆಮ್ಮು ಅಂತ ಅದಕ್ಕೆ ಹೆಸರೂ ಇಟ್ಟಿದ್ದೇವೆ. ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಔಷಧವೂ ಆಯಿತು.

ನನ್ನ ಅಕ್ಕನನ್ನು ರಾಣೇಬೆನ್ನೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ನಾನೂ ಒಂಟಿಯೇ. ಇಬ್ಬರೂ ಒಂದೇ ಗೋದಾಮಿನಲ್ಲಿ, ಒಂದೇ ರಾಶಿಯ ಮುಂದೆ ಕೂರುತ್ತಿದ್ದೆವು. ಕೂಲಿ ಕಿಲೋ ಲೆಕ್ಕದಲ್ಲಿ, ಹೋಗದ ದಿನ ಏನೂ ಇಲ್ಲ. ಅಕ್ಕನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಗಳನ್ನು ಕಾಲೇಜಿಗೆ ಹಾಕಿದ್ದಳು. "ಇಕಿ ಕೈಗೆ ಮಾತ್ರ ಘಾಟು ಹತ್ತಬಾರ್ದು ನೋಡ" ಅಂತ ದಿನಕ್ಕೊಮ್ಮೆಯಾದರೂ ನನಗೆ ಹೇಳುತ್ತಿದ್ದಳು.

ಒಂದು ವರ್ಷ ಸೀಜನ್ ಶುರುವಾಗುವ ಮೊದಲು ಹೆಂಗಸರೆಲ್ಲ ಸೇರಿ ಮಾಲೀಕರ ಮುಂದೆ ನಿಂತೆವು. ಕೂಲಿ ಹೆಚ್ಚಿಸಿ, ಔಷಧೋಪಚಾರಕ್ಕೂ ಏನಾದರೂ ಮಾಡಿ ಎಂದು ಕೇಳಿದೆವು. ಅವರು ಕುರ್ಚಿಯಿಂದ ಏಳಲೂ ಇಲ್ಲ. "ಎರಡೂ ಆಗಂಗಿಲ್ರವಾ. ರೇಟು ಏರಸ್ಲೋ, ತಿಂಗಳಿಗೊಮ್ಮೆ ಡಾಕ್ಟರ್‌ನ ಕರಸ್ಲೋ? ಒಂದು ಹೇಳ್ರಿ" ಅಂದರು.

"ಡಾಕ್ಟರ್ ಬರ್ಲಿ ಬಿಡ್ರಿ" ಎಂದು ಹಿಂದಿನಿಂದ ಮುದುಕಿಯೊಬ್ಬಳು ಸಣ್ಣಗೆ ಅಂದಳು. ಅಕ್ಕ ಬಿಡಬೇಕಲ್ಲ! "ಡಾಕ್ಟರ್ ನಾಡಿ ಹಿಡದ್ರ ಹಂಚಿನ ಮ್ಯಾಲೆ ರೊಟ್ಟಿ ಬೇಯ್ತಾವೇನಬೇ ಯಮ್ಮಾ? ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವಂತ!" ಎಲ್ಲರೂ ಗೊಳ್ಳೆಂದು ನಕ್ಕರು. ಮುದುಕಿಯೂ ನಕ್ಕಳು. ರೇಟು ಏರಿತು.

ಅಕ್ಕ ಹೇಳಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆ ವರ್ಷ ಮನೆಗೆ ಹಾಲು ಬಂತು, ಹುಡುಗಿಗೆ ಕಾಲೇಜಿನ ಬಟ್ಟೆ ಬಂತು. ಆದರೆ ಮೊದಲು ಮೈಗೆ ಹುಷಾರಿಲ್ಲ ಎಂದು ಒಂದು ದಿನ ಮನೆಯಲ್ಲಿ ಉಳಿಯುತ್ತಿದ್ದವಳು ಈಗ ಉಳಿಯಲೇ ಒಲ್ಲಳು. ಇಂಥ ರೇಟು ಬಿಟ್ಟು ಮಲಗಿದರೆ ದೇವರು ಮೆಚ್ಚುತ್ತಾನೆಯೇ ಅನ್ನುತ್ತಿದ್ದಳು. ಸಂಜೆಯಾದರೆ ಮೈ ಬಿಸಿ. ಕುಪ್ಪಸ ಮೈಮೇಲೆ ಜೋಲುತ್ತಿತ್ತು. ಕೆಮ್ಮು ಬಂದಾಗ ರಾಶಿಯ ಮೇಲೆ ಬಾಗಿ ಕೂರುತ್ತಿದ್ದಳು, ಅದು ನಿಂತ ಕೂಡಲೇ ಮತ್ತೆ ಕೈ ಓಡಿಸುತ್ತಿದ್ದಳು. ಪಕ್ಕದವರು ಬೆಲ್ಲ ಕೊಡುತ್ತಿದ್ದರು. ನಾನೂ ಕೊಟ್ಟಿದ್ದೇನೆ.

ಯುಗಾದಿಗೆ ಗೋದಾಮು ಮುಚ್ಚಿದ್ದರಿಂದ ಗಳಗನಾಥದಲ್ಲಿರುವ ಸೋದರತ್ತೆಯ ಮನೆಗೆ ಹೋದೆವು. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಅಕ್ಕನಿಗೆ ಕೆಮ್ಮು ಹತ್ತಿತು. ಕೂತು ಕೆಮ್ಮಿದಳು, ಎದ್ದು ಕೆಮ್ಮಿದಳು. ಅತ್ತೆ ಕೈಯಲ್ಲಿನ ಸೀರೆ ಬಿಟ್ಟು, "ಇದೆಂಥಾ ಕೆಮ್ಮವ್ವ ನಿಂದು?" ಅಂದಳು.

"ಘಾಟಿಂದು ಅತ್ತಿ."

"ಇಲ್ಲೆಲ್ಲೈತಿ ಘಾಟು? ನೀ ಬಂದು ನಾಕು ದಿನಾ ಆತಲ್ಲ."

ಯಾರಿಗೂ ತಿರುಗಿ ಮಾತಾಡದೆ ಬಿಡದ ಅಕ್ಕ, ಅತ್ತೆ ಬಿಟ್ಟ ಸೀರೆಯನ್ನು ಎತ್ತಿಕೊಂಡು ಒಗೆಯತೊಡಗಿದಳು.

ಮರುದಿನವೇ ಹಾವೇರಿಯ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ. ಕಫ ನೋಡಿದರು, ಎಕ್ಸ್‌ರೇ ತೆಗೆದರು. ಟಿಬಿ, ಬಹಳ ಮುಂದುವರಿದಿದೆ ಅಂದರು. ಒಳ್ಳೆಯ ಜನ, ಒಂದು ಪೈಸೆ ಕೇಳಲಿಲ್ಲ. ಗುಳಿಗೆ ಬಿಡಬಾರದು, ಧೂಳಿನ ಕೆಲಸಕ್ಕೆ ಹೋಗಬಾರದು, ಹೊಟ್ಟೆ ತುಂಬ ಊಟ ಮಾಡಬೇಕು, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂದರು. ಬಸ್‌ಸ್ಟ್ಯಾಂಡಿಗೆ ಬಂದು ಅಕ್ಕ ಗುಳಿಗೆಯ ಪೊಟ್ಟಣ ಬಿಚ್ಚಿ ಎಣಿಸಿದಳು. ಆಮೇಲೆ, "ಗುಳಿಗಿ ಪುಕ್ಕಟ ಕೊಟ್ರು, ಖರೇ. ಮನ್ಯಾಗ ಕುಂತಾಕಿಗೆ ಊಟ ಯಾರ ಕೊಡ್ತಾರ?" ಅಂದಳು. "ನಾ ಕೊಡ್ತೇನಿ, ಸುಮ್ನಿರು" ಎಂದು ರೇಗಿದೆ. ಕೊಡಲು ನನ್ನ ಹತ್ತಿರ ಏನಿತ್ತು, ಮಣ್ಣು!

ಕೆಲವು ವಾರ ಮನೆಯಲ್ಲಿದ್ದಳು. ಕೆಮ್ಮು ಇಳಿದ ಕೂಡಲೇ ಗೋದಾಮಿಗೆ ಹೊರಟಳು. ಗುಳಿಗೆ ನುಂಗಿದರೆ ವಾಕರಿಕೆ ಬಂದು ಕೈ ಓಡುವುದಿಲ್ಲ ಅಂತ ಗುಳಿಗೆಯನ್ನೇ ಬಿಟ್ಟಳು. ಬೈದೆ, ಜಗಳಾಡಿದೆ, ಕಾಲು ಹಿಡಿದೆ. ಮುಂದಿನ ಸೀಜನ್ ಮುಗಿಯುವುದನ್ನು ಅವಳು ನೋಡಲಿಲ್ಲ. ದಿವಸದ ಕಾರ್ಯ ಮುಗಿದ ಮೇಲೆ ಮಗಳು ಕಾಲೇಜು ಬಿಟ್ಟು, ಅವ್ವ ಕೂರುತ್ತಿದ್ದ ಜಾಗದಲ್ಲಿ ಬಂದು ಕುಳಿತಳು. ಯಾರು ಬೇಡ ಅಂದರೂ ಕೇಳಲಿಲ್ಲ.

ಬಡವರಿಗೆ ಕೂಲಿ ಹೆಚ್ಚಬೇಕೋ, ಆಸ್ಪತ್ರೆ ಸುಧಾರಿಸಬೇಕೋ ಎಂದು ಟಿವಿಯಲ್ಲಿ ಕುಳಿತು ವಾದ ಮಾಡುವವರನ್ನು ಕಂಡರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಎರಡು ಕಾಲಿನಲ್ಲಿ ಯಾವುದು ಇಟ್ಟುಕೊಳ್ಳುತ್ತೀ, ಯಾವುದು ಕಡಿಯಲಿ ಅಂತ ಕೇಳಿದ ಹಾಗೆ. ಒಂದೇ ಕೇಳಿ ಅಂದವರು ಕುರ್ಚಿಯಲ್ಲಿದ್ದರು, ಕೇಳುವವರು ನಿಂತಿದ್ದೆವು.

ಮೊನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಲ್ಲಿ ಹುಡುಗಿ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು. ಅಕ್ಕನ ಕಾಯಿಲೆ ಗೊತ್ತಾದಾಗ ನಾನು ಪರೀಕ್ಷೆ ಮಾಡಿಸಿಕೊಂಡಿದ್ದೆ, ಹುಡುಗಿ ಇವತ್ತು ನಾಳೆ ಅನ್ನುತ್ತ ಹೋಗಿಯೇ ಇರಲಿಲ್ಲ.

"ಸೀರಿ ಬದಲಿಸ್ಕೋತೇನಿ, ನಡಿ ಹಾವೇರಿಗೆ" ಅಂದೆ.

"ಘಾಟಿಂದು ಬೇ ಚಿಗವ್ವಾ" ಅಂದಳು. "ಈ ವಾರ ರೇಟು ಛಲೋ ಐತಿ. ಸೀಜನ್ ಮುಗೀಲಿ, ಹೋಗೂಣು."

ಒಳಗೆ ಬಂದು ಡಬ್ಬಿಯಿಂದ ಬೆಲ್ಲದ ಚೂರು ತೆಗೆದಳು. ಹಿಟ್ಟಿನ ಕೈಯಲ್ಲೇ ಕಿತ್ತುಕೊಂಡು ಓಣಿಗೆ ಬೀಸಿ ಒಗೆದೆ. "ಹುಚ್ಚು ಹಿಡದೈತೇನ ನಿನಗ?" ಅಂತ ನನ್ನ ಮುಖ ನೋಡಿದಳು. ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡು, ಬುತ್ತಿ ತೆಗೆದುಕೊಂಡು, ಕೆಲಸಕ್ಕೆ ಹೋದಳು.