ಹೊಲಿಗೆ ಕೋಣೆಗೆ ಬಂದ ಕಂಪ್ಯೂಟರ್ ಡಬ್ಬ

ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಹೊಲಿಯಲು ಬೆಳಕು ಬೇಕು. ಜೀವಮಾನದಲ್ಲಿ ಸೂಜಿ ಮುಟ್ಟದವರಿಗೂ ಇದು ಗೊತ್ತಿರಬೇಕು. ಆದರೂ ಕೋಟು ಹೊಲಿಸಿ ಮಾರುವ ಅಂಗಡಿಯೊಂದರ ಯಜಮಾನರು ನೆಲಮಾಳಿಗೆಯಲ್ಲಿ ಹೊಲಿಯುವ ಇಬ್ಬರು ಹೆಂಗಸರಿಗೆ ಒಂದೇ ಒಂದು ಮಂಕು ಬಲ್ಬು ಬಿಟ್ಟಿದ್ದರು.

ಇಬ್ಬರಲ್ಲಿ ಹಿರಿಯಳನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಿದ್ದರು. ಬಟ್ಟೆಗಿಂತ ಮಾತನ್ನೇ ಚೆನ್ನಾಗಿ ಕತ್ತರಿಸುತ್ತಾಳೆಂದು ಆ ಹೆಸರು. ಒಂದು ದಿನ ಯಜಮಾನರು ಅವಳ ಮುಂದೆ ಕೋಟೊಂದನ್ನು ಎಸೆದರು. ತೋಳಿನ ಹೊಲಿಗೆ ಸೊಟ್ಟಗಿತ್ತು.

"ನಿನ್ನ ಕಣ್ಣು ಹೋಯ್ತಮ್ಮ. ಇನ್ನೊಂದು ಹೀಗೆ ಬಂತೋ, ಮೆಷಿನ್ ಮುಂದೆ ಬೇರೆಯವರನ್ನ ಕೂರಿಸ್ತೀನಿ."

"ಕಣ್ಣು ಇದ್ದಲ್ಲೇ ಇದೆ ಯಜಮಾನ್ರೇ. ಬೆಳಕು ಎಲ್ಲಿ ಹೋಯ್ತು ಅಂತ ಹುಡುಕಿ."

"ಇರೋ ಬಲ್ಬು ಸಾಕು" ಎಂದು ಅವರು ಮೆಟ್ಟಿಲು ಹತ್ತಿದರು.

ಅಕ್ಕನ ಮೈದುನ ಕಂಪ್ಯೂಟರ್ ರಿಪೇರಿ ಮಾಡುವವನು. ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಪವರ್ ಸಪ್ಲೈ ಒಂದು ಅವನಲ್ಲಿತ್ತು: ಕಂಪ್ಯೂಟರಿಗೆ ಕರೆಂಟು ಹಂಚುವ, ಫ್ಯಾನ್ ಇರುವ ತಗಡಿನ ಡಬ್ಬ, ಅದರಿಂದ ಜಡೆಯಂತೆ ಇಳಿಬಿದ್ದ ಬಣ್ಣಬಣ್ಣದ ತಂತಿಗಳು. ಅವಳ ಕತ್ತಲೆ ಕೋಣೆಯ ಕತೆ ಕೇಳಿ, ಅದನ್ನೂ ಒಂದು ಎಲ್‌ಇಡಿ ದೀಪದ ಪಟ್ಟಿಯನ್ನೂ ಅವಳ ಕೈಗಿಟ್ಟ.

"ಡಬ್ಬ ಮಾತ್ರ ಬಿಚ್ಚಬೇಡಿ ಅತ್ತಿಗೆ, ಶಾಕ್ ಹೊಡೆಯುತ್ತೆ. ಹಸಿರು ತಂತಿನ ಕಪ್ಪಿಗೆ ಸೇರಿಸಿದ್ರೆ ಡಬ್ಬ ಎಚ್ಚರ ಆಗುತ್ತೆ. ಪಟ್ಟಿಗೆ ಬೇಕಾದ ಹನ್ನೆರಡು ವೋಲ್ಟ್ ಹಳದಿ ತಂತೀಲಿದೆ. ಪಟ್ಟಿಯ ಕೆಂಪು ತಂತಿನ ಅದಕ್ಕೆ ಕಟ್ಟಿ, ಕಪ್ಪನ್ನ ಕಪ್ಪಿಗೆ."

ಮರುದಿನ ಊಟದ ಬಿಡುವಿನಲ್ಲಿ ತಂತಿ ಸೇರಿಸಿ, ಟೇಪು ಸುತ್ತಿ, ಪ್ಲಗ್ ಹಾಕಿದಳು. ಫ್ಯಾನ್ ಗುರ್ರೆಂದಿತು. ಪಟ್ಟಿ ಹತ್ತಲಿಲ್ಲ.

"ಗಾಳಿ ಬಂತಲ್ಲ ಅಕ್ಕ, ಅದೇ ನಮ್ಮ ಭಾಗ್ಯ" ಎಂದಳು ಗುಂಡಿ ಹೊಲಿಯುವ ಜೊತೆಗಾತಿ.

ಅಕ್ಕ ಪ್ಲಗ್ ಕಿತ್ತು ನೋಡಿದಳು. ಪಟ್ಟಿಯ ಕೆಂಪು ತಂತಿಯನ್ನು ಡಬ್ಬದ ಕೆಂಪಿಗೇ ಕಟ್ಟಿದ್ದಳು! ಅದರಲ್ಲಿದ್ದದ್ದು ಬರೀ ಐದು ವೋಲ್ಟ್. ಬಟ್ಟೆಯ ಬಣ್ಣಕ್ಕೆ ದಾರದ ಬಣ್ಣ ಹೊಂದಿಸಿ ಪಳಗಿದ ಕೈ. ಮೈದುನನ ಮಾತು ಕಿವಿ ತನಕ ಹೋಗಿತ್ತು, ಬೆರಳ ತನಕ ಬಂದಿರಲಿಲ್ಲ.

"ಅವನು ಹಳದಿ ಅಂದ್ರೆ ನಾನು ಮ್ಯಾಚಿಂಗ್ ನೋಡಿದೀನಿ ಕಣೇ."

ಹಳದಿಗೆ ಬದಲಿಸಿದಳು. ಕೋಣೆ ಬೆಳಗಿತು. ಕಪ್ಪು ಬಟ್ಟೆಯ ಎಳೆ ಎಳೆಯೂ ಕಂಡಿತು.

"ಅಯ್ಯೋ, ಇಷ್ಟು ಧೂಳಲ್ಲಿ ಕೂತು ಉಣ್ತಿದ್ವಾ?" ಎಂದಳು ಜೊತೆಗಾತಿ.

ಸಂಜೆ ಯಜಮಾನರು ಇಳಿದು ಬಂದರು. "ಯಾರನ್ನ ಕೇಳಿ ಹಾಕಿದೆ? ತೆಗಿ."

ಅಕ್ಕ ಅಂದು ಹೊಲಿದ ಕೋಟಿನ ತೋಳನ್ನು ಅವರ ಕೈಗೆ ಕೊಟ್ಟಳು. ತಪ್ಪು ಹುಡುಕಲು ಅವರೂ ಆ ಪಟ್ಟಿಯ ಕೆಳಗೇ ಬಗ್ಗಬೇಕಾಯಿತು. ಸಿಗಲಿಲ್ಲ.

"ಹೊಲಿಗೆ ಸರಿ ಇದೆ. ಡಬ್ಬ ತೆಗಿ."

"ತೆಗೆಯಲ್ಲ. ಅದು ಹೋದ್ರೆ ನಾನೂ ಹೋಗ್ತೀನಿ."

ಜೊತೆಗಾತಿ ತನ್ನ ಸ್ಟೂಲನ್ನು ಬೆಳಕಿಗೆ ಎಳೆದುಕೊಂಡಳು. "ನನ್ನನ್ನೂ ಸೇರಿಸ್ಕೊಳ್ಳಿ ಯಜಮಾನ್ರೇ."

ಮುಗಿಯದ ಕೋಟುಗಳ ರಾಶಿಯನ್ನು ನೋಡಿ ಅವರು ಡಬ್ಬ ಮುಟ್ಟದೆ ಮೆಟ್ಟಿಲು ಹತ್ತಿದರು. ಕಣ್ಣು ಹೋಯ್ತು ಎಂದಿದ್ದಕ್ಕೆ ಇಂದಿಗೂ ತಪ್ಪಾಯಿತು ಎಂದಿಲ್ಲ. ಅಕ್ಕ ಅದೇ ಮೆಷಿನ್ ಮುಂದೆ, ಅದೇ ಪಟ್ಟಿಯ ಬೆಳಕಿನಲ್ಲಿ ಕೂತಿದ್ದಾಳೆ.

ನೀವು ತೊಟ್ಟ ಬಟ್ಟೆಯೂ ಇಂಥದೇ ಕೋಣೆಯಿಂದ ಬಂದಿರಬಹುದು. ಮುಂದಿನ ಸಲ ಅಳತೆ ಕೊಡಲು ಹೋದಾಗ, ಹೊಲಿಯುವವರು ಕೂರುವ ಜಾಗ ತೋರಿಸಿ ಎನ್ನಿ. ಅಲ್ಲಿ ಕತ್ತಲಿದ್ದರೆ, ದೀಪ ಹಾಕಿಸದೆ ಅಲ್ಲಿಂದ ಕದಲಬೇಡಿ.