ಬಸಣ್ಣನ ಪದಕ್ಕೊಂದು ಯಂತ್ರ

ನಿನ್ನೆ ಕಪಾಟಿನ ಖಾನೆಯನ್ನು ಚೊಕ್ಕಟಗೊಳಿಸುವಾಗ ನಾಲ್ಕು ಪುಟಗಳ ಕೋಷ್ಟಕವೊಂದು ಕೈಗೆ ಸಿಕ್ಕಿತು. ಎಡಬದಿಗೆ ಹನ್ನೊಂದು ಗುಣಗಳು, ಮೇಲ್ಗಡೆ ಆರು ಜಪಾನಿ ಧ್ವನಿಮುದ್ರಣ ಯಂತ್ರಗಳ ಹೆಸರು, ನಡುವೆ ಕೆಂಪು ಶಾಯಿಯ ಅಂಕಗಳು. ನಾನು ಕಲಿಸುತ್ತಿದ್ದ ಕನ್ನಡ ಶಾಲೆ ಮುಚ್ಚಿ, ಐರೋಲಿಯ ಕಚೇರಿಯೊಂದನ್ನು ಸೇರಿ ಎಷ್ಟೋ ವರ್ಷಗಳಾದರೂ ಅಂಕ ಹಾಕುವ ಚಟ ನನ್ನನ್ನು ಬಿಟ್ಟಿಲ್ಲ. ಆರರಲ್ಲಿ ಒಂದೂ ಅರವತ್ತೈದನ್ನು ದಾಟಿರಲಿಲ್ಲವೆಂದರೆ, ನಾನು ಎಂಥ ಮೇಷ್ಟ್ರಾಗಿದ್ದೆನೆಂಬುದನ್ನು ನೀವೇ ಊಹಿಸಬಹುದು.

ಇದಕ್ಕೆಲ್ಲ ಕಾರಣ ಬಸಣ್ಣ. ವಿಜಯಪುರದ ಕಡೆಯವನು, ವಾಶಿಯ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ. ಕಲ್ಯಾಣದಿಂದ ಬರುವ ಬೆಳಗಿನ ಲೋಕಲ್ ರೈಲಿನಲ್ಲಿ ಅವನೂ, ಬೇರೆ ಬೇರೆ ಕಡೆ ದುಡಿಯುವ ನಾಲ್ವರು ಊರವರೂ ತಾಳ, ದಿಮ್ಮಡಿ ಹಿಡಿದು ಭಜನೆ ಹಾಡುತ್ತಿದ್ದರು. ಡೊಂಬಿವಲಿಯಲ್ಲಿ ಹತ್ತುವ ನಾನು ಠಾಣೆಯಲ್ಲಿ ಗಾಡಿ ಬದಲಿಸುವ ತನಕ ಕೇಳುತ್ತಿದ್ದೆ. ಮೊದಮೊದಲು ಕೇಳುತ್ತಿದ್ದುದು ಉಚ್ಚಾರಣೆಯ ತಪ್ಪುಗಳನ್ನು ಎಣಿಸುವುದಕ್ಕಾಗಿ. ಆ ಎಣಿಕೆ ಯಾವಾಗ ನಿಂತಿತೋ ನೆನಪಿಲ್ಲ. ಆಮೇಲೆ ನಾನೂ ಕುಳಿತಲ್ಲಿಂದಲೇ ಚಪ್ಪಾಳೆ ಹಾಕತೊಡಗಿದೆ, ಅದು ಮಾತ್ರ ಸದಾ ತಾಳ ತಪ್ಪುತ್ತಿತ್ತು.

ಒಂದು ದಿನ ಬಸಣ್ಣ, ತನ್ನ ಗೋದಾಮು ಭಿವಂಡಿಗೆ ಹೋಗುತ್ತದೆ, ಬರುವ ತಿಂಗಳಿನಿಂದ ತನಗೆ ಈ ಗಾಡಿಯಿಲ್ಲ ಎಂದ. ಅವನ ಚಿಂತೆ ಗಾಡಿಯದಲ್ಲ, ಮಗಳದು.

"ಇಂಡಿ ಕಡೆ ಕೊಟ್ಟೀನ್ರಿ ಅಕೀನ್ನ. 'ಅಪ್ಪಾ, ನಿಮ್ಮ ಗಾಡಿ ಪದ ಕಳಸು' ಅಂತ ಗಂಟ ಬಿದ್ದಾಳ. ಈ ಫೋನಿನ್ಯಾಗ ಬರೇ ಗಡಗಡ ಬರ್ತದ್ರಿ ಮಾಸ್ತರ. ನನ್ನ ದನಿ ಎಲ್ಲೈತಿ ಅಂತ ನಾನ ಹುಡುಕಬೇಕು."

"ನಾನು ಹಿಡಿದುಕೊಡುತ್ತೇನೆ" ಎಂದುಬಿಟ್ಟೆ.

ಹಾಗೆಂದವನು ಮೂರು ವಾರಗಳನ್ನು ಕೋಷ್ಟಕದಲ್ಲಿಯೇ ಕಳೆದೆ. ಉಡುಪಿಯವಳಾದ ನನ್ನ ಹೆಂಡತಿ ಚಹಾದ ಲೋಟವನ್ನು ಅದರ ಮೇಲೆಯೇ ಇಟ್ಟು ಹೇಳಿದಳು: "ನನ್ನನ್ನು ನೋಡ್ಲಿಕ್ಕೆ ಬಂದಾಗ ಒಂದು ಪ್ರಶ್ನೆ ಕೇಳ್ಲಿಲ್ಲ ನೀವು. ಈ ಡಬ್ಬಿಗೆ ಎಂತ ಇಂಟರ್‌ವ್ಯೂ ಮಾರಾಯ್ರೆ!"

ಠಾಣೆಯ ಅಂಗಡಿಯವನು ಎರಡು ಯಂತ್ರಗಳನ್ನು ಮುಂದಿಟ್ಟು, "ಮಾಸ್ಟರ್‌ಜೀ, ಗಾನಾ ಚಾಹಿಯೆ ಯಾ ಟ್ರೇನ್?" ಎಂದು, ಹಾಡು ಬೇಕೋ ರೈಲು ಬೇಕೋ ಎಂಬಂತೆ, ಕೇಳಿದ. ಒಂದು ಉದ್ದ ಮೂತಿಯದು. ಎದುರಿನ ದನಿಯನ್ನಷ್ಟೇ ಹೆಕ್ಕಿ, ಅಕ್ಕಪಕ್ಕದ್ದನ್ನು ಬಿಡುವಂಥದು. ಇನ್ನೊಂದು ಅಂಗೈಯಗಲದ್ದು, ಎಷ್ಟೇ ಗದ್ದಲವಾದರೂ ದನಿ ಒಡೆಯದಂತೆ ಎಲ್ಲವನ್ನೂ ಹಿಡಿಯುವಂಥದು. ಎರಡನೆಯದಕ್ಕೆ ನನ್ನ ಪಟ್ಟಿಯಲ್ಲಿ ಐದನೆಯ ಸ್ಥಾನ. "ಗಾನಾ" ಎಂದೆ, ಇಷ್ಟೂ ತಿಳಿಯದೇ ಎಂಬ ಧಾಟಿಯಲ್ಲಿ. ಒಪ್ಪಿಗೆಯಾಗದಿದ್ದರೆ ವಾರದೊಳಗೆ ಬದಲಿಸಿಕೊಡುವೆನೆಂದು ಹೇಳಿ ಅವನು ಉದ್ದ ಮೂತಿಯದನ್ನು ಕಟ್ಟಿಕೊಟ್ಟ.

ಒಳ್ಳೆಯ ಯಂತ್ರಕ್ಕೆ ಒಳ್ಳೆಯ ಸ್ಥಳ ಬೇಡವೇ? ಭಾನುವಾರ ನಮ್ಮ ವಸತಿ ಸೊಸೈಟಿಯ ಸಭಾಕೋಣೆಗೆ ಐವರನ್ನೂ ಕರೆದೆ. ಫ್ಯಾನ್ ಆರಿಸಿದೆ, ಕಿಟಕಿ ಮುಚ್ಚಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದವರು ಪರೀಕ್ಷೆಗೆ ಕುಳಿತ ಮಕ್ಕಳಂತೆ ಚಾಪೆಯ ಮೇಲೆ ಸಾಲಾಗಿ ಕುಳಿತರು. ಎರಡನೆಯ ನುಡಿಗೇ ತಾಳ ಮುಂದೋಡಿತು, ಬಸಣ್ಣ ಹಿಂದುಳಿದ. ಮತ್ತೆ ಎತ್ತಿಕೊಂಡರು, ಈ ಸಲ ಪಲ್ಲವಿಯನ್ನು ಸುತ್ತಿ ಸುತ್ತಿ ಹಾಡಿದರೇ ಹೊರತು ಪದ ಮುಗಿಯಲೊಲ್ಲದು.

"ಏನಾಯಿತು, ಬಸಣ್ಣ?"

"ಗಾಡ್ಯಾಗಾದ್ರ ಠಾಣೆ ಖಾಡಿ ನೀರಿನ ಮ್ಯಾಲಿನ ಸೇತುವಿ ಬಂತಂದ್ರ ಮುಗಸ್ತೀವ್ರಿ. ಇಲ್ಲಿ ಸೇತುವೀನ ಬರವಲ್ದು!"

ದಿಮ್ಮಡಿಯ ಸಿದ್ರಾಮ ಬೆವರೊರೆಸಿಕೊಂಡು, "ಮಾಸ್ತರ, ನಿಮ್ಮ ಬಿಲ್ಡಿಂಗ್ ಒಂದೀಟ ಅಳ್ಳಾಡಸ್ರಿ, ಆವಾಗ ಹಾಡ್ತೀವಿ" ಎಂದ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಬಸಣ್ಣನಿಗೆ ಉಳಿದಿದ್ದುದು ಐದೇ ಪ್ರಯಾಣಗಳು.

ಸೋಮವಾರ ಯಂತ್ರವನ್ನು ಹಿಂದಿರುಗಿಸಿದಾಗ ಅಂಗಡಿಯವನು ಹುಬ್ಬೇರಿಸಿ, "ತೋ ಟ್ರೇನ್?" ಎಂದ. "ದೋನೋ" ಎಂದೆ; ನನಗೀಗ ಎರಡೂ ಬೇಕಿತ್ತು, ಅಂಗೈಯಗಲದ್ದನ್ನು ತಂದೆ.

ಹೊಸ ಯಂತ್ರದ ಗುಂಡಿಗಳು ನನಗೂ ನಾನು ಅವಕ್ಕೂ ಒಗ್ಗುವಷ್ಟರಲ್ಲಿ ಶುಕ್ರವಾರ ಬಂತು. ಯಂತ್ರ ಅಲುಗಬಾರದೆಂದು ನನ್ನನ್ನು ಕಿಟಕಿಯ ಬಳಿ ಕೂರಿಸಿದರು. ಬಸಣ್ಣ ಕಂಬ ಹಿಡಿದು, ಕಣ್ಣು ಮುಚ್ಚಿ ಹಾಡಿದ. ದಿವಾದಲ್ಲಿ ನುಗ್ಗಿದ ಜನರ ನಡುವಿನಿಂದ ಯಾರೋ, "ಚಾಚಾ, ಥೋಡಾ ಅಂದರ್ ಖಡೇ ರಹೋ ನಾ!" ಎಂದು ಬಸಣ್ಣನಿಗೆ ಒಳಗೆ ಸರಿದು ನಿಲ್ಲಲು ಕೂಗಿ ಹೇಳಿದರು; ಪದ ಜಗ್ಗಲಿಲ್ಲ. ಮುಂಬ್ರಾ ದಾಟಿದ ಮೇಲೆ ಸ್ವರ ಮೇಲೇರಿತು, ಸೇತುವೆ ಗುಡುಗಿತು, ಪದವೂ ಸೇತುವೆಯೂ ಒಟ್ಟಿಗೆ ಮುಗಿದವು.

ಠಾಣೆಯಲ್ಲಿ ಇಳಿದೊಡನೆ, "ಬಂದೈತೇನ್ರಿ?" ಎಂದು ಕೇಳಿದ ಬಸಣ್ಣನ ಕಿವಿಗೇ ಹೆಡ್‌ಫೋನ್ ತೊಡಿಸಿದೆ. ಅವನು ಪೂರ್ತಿ ಕೇಳುವುದಕ್ಕಾಗಿ ವಾಶಿಯ ಒಂದು ಗಾಡಿಯನ್ನು ಬಿಟ್ಟ.

ಆ ಸಂಜೆಯೇ ಪದವನ್ನು ಅವನ ಮಗಳಿಗೆ ಕಳಿಸಿದೆ. ಭಾನುವಾರ ಬಸಣ್ಣ ಫೋನ್ ಮಾಡಿದ. "ಪದ ಚೊಲೊ ಬಂದೈತಿ ಅಂದ್ಲ್ರಿ ಮಗಳು. ಆಮ್ಯಾಲ ಆ 'ಖಡೇ ರಹೋ' ಕೇಳಿ, 'ಅಪ್ಪಾ, ದಿನಾ ನಿಂತ ಹಾಡ್ತಿಯೇನು? ಯಾರೂ ಕುಂದ್ರ ಅನ್ನಂಗಿಲ್ಲೇನು?' ಅಂತ ಕೇಳ್ಯಾಳ."

ಕುಳಿತವನು ನಾನಾಗಿದ್ದೆ, ಸಂಕೋಚದಿಂದಲೇ ಕೇಳಿದೆ: "ನೀನೇನು ಹೇಳಿದೆ?"

"ನನಗ ಪದ ನಿಂತ್ರನ ಬರ್ತದವ್ವಾ ಅಂದೆ."

ಸಮಾಧಾನಕ್ಕೆ ಆಡಿದ ಮಾತೆಂದೇ ಇಷ್ಟು ದಿನ ತಿಳಿದಿದ್ದೆ. ಇಂದು ಬೆಳಿಗ್ಗೆ ಗಾಡಿಯಲ್ಲಿ ಸಿದ್ರಾಮ ತನ್ನ ಪಕ್ಕದ ಜಾಗ ತೋರಿಸಿ ಕರೆದಾಗ ಬೇಡವೆಂದು ಕಂಬ ಹಿಡಿದು ನಿಂತೆ. ಅವರು ಪದ ಎತ್ತಿಕೊಂಡರು. ಚಕ್ರದ ಪೆಟ್ಟು ಅಂಗಾಲಿನಿಂದ ಮೊಣಕಾಲಿಗೆ, ಅಲ್ಲಿಂದ ಎದೆಗೆ ಏರಿತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಚಪ್ಪಾಳೆ ತಾಳ ತಪ್ಪಲಿಲ್ಲ.